ಕೆನಡಾದಲ್ಲಿ ನಿರಾಶ್ರಿತರ ಕ್ಲೇಮ್ ಬಾಕಿ ಇರುವಾಗ ಮದುವೆ: ಸ್ಪಾನ್ಸರ್‌ಶಿಪ್‌ಗೆ ಯಾವ ದಾರಿ?

ನೀವು ಕೆನಡಾದಲ್ಲಿ ರಕ್ಷಣೆ ಕೇಳಿ ನಿರಾಶ್ರಿತರ ಕ್ಲೇಮ್ ಹಾಕಿದ್ದೀರಿ. ಹಿಯರಿಂಗ್ ದಿನ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅಲ್ಲಿಯ ಪೌರರೊಬ್ಬರನ್ನೋ, ಪಿಆರ್, ಅಂದರೆ ಸ್ಥಿರ ವಾಸದ ಹಕ್ಕು, ಇರುವವರನ್ನೋ ಮದುವೆಯಾದಿರಿ. ಅವರು ನಿಮ್ಮ ಹೊಣೆ ಹೊತ್ತು ನಿಮಗೂ ಪಿಆರ್ ಕೊಡಿಸಲು ಹಾಕುವ ಅರ್ಜಿಯೇ ಸ್ಪಾನ್ಸರ್‌ಶಿಪ್. ಅಲ್ಲಿಂದ ಸಲಹೆಗಳು ಶುರು. "ಮದುವೆ ಆಯ್ತಲ್ಲ, ಇನ್ನು ಆ ಕ್ಲೇಮ್ ವಾಪಸ್ ತಗೋ" ಅಂತ ಒಬ್ಬರು. "ಕ್ಲೇಮ್ ಇರುವಾಗ ಸ್ಪಾನ್ಸರ್‌ಶಿಪ್ ಹಾಕೋಕೇ ಆಗಲ್ಲ" ಅಂತ ಇನ್ನೊಬ್ಬರು. "ಸುಮ್ನೆ ಊರಿಗೆ ಹೋಗಿ ಅಲ್ಲಿಂದ ಅರ್ಜಿ ಹಾಕು" ಅಂತ ಮತ್ತೊಬ್ಬರು.

ಎರಡನೆಯ ಮಾತು ತಪ್ಪು. ಮೊದಲನೆಯದು ಮತ್ತು ಮೂರನೆಯದು ಎಷ್ಟೋ ಜನರನ್ನು ನೇರ ಅಪಾಯಕ್ಕೆ ತಳ್ಳುವಂಥವು. ಇತ್ತೀಚಿನ ವರ್ಷಗಳಲ್ಲಿ ಭಾರತದಿಂದ ಹೋದವರ ಕ್ಲೇಮ್‌ಗಳು ಕೆನಡಾದಲ್ಲಿ ಬಹಳ ಜಾಸ್ತಿಯಾಗಿವೆ. ಬ್ರಾಂಪ್ಟನ್ನಿನಲ್ಲೋ ಮಿಸಿಸಾಗಾದಲ್ಲೋ ಕೂತು ಈ ಪ್ರಶ್ನೆಯನ್ನು ಕನ್ನಡದಲ್ಲಿ ಯೋಚಿಸುವವರಿಗೆ ಕನ್ನಡದಲ್ಲೇ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕ್ಲೇಮ್ ನಿಜವಾದದ್ದಾಗಿದ್ದರೆ ಅದನ್ನು ಬಿಡಬೇಡಿ. ಮದುವೆಯೂ ನಿಜವಾದದ್ದಾಗಿದ್ದರೆ, ಸ್ಪಾನ್ಸರ್‌ಶಿಪ್ ಅರ್ಜಿಯನ್ನು ಕ್ಲೇಮ್ ಜತೆಯಲ್ಲೇ, ತಡಮಾಡದೆ ಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಫೈಲಿನಲ್ಲಿ ಈಗಾಗಲೇ ಇರುವ ಒಂದು ಕಾಗದ

ಬಹಳ ಜನ ಗಮನಿಸದ ವಿಷಯ ಇದು. ಕ್ಲೇಮ್ ಹಾಕಿದವರ ಮೇಲೆ ಸಾಮಾನ್ಯವಾಗಿ ಶುರುವಿನಲ್ಲೇ ಒಂದು ಡಿಪಾರ್ಚರ್ ಆರ್ಡರ್, ಅಂದರೆ ದೇಶ ಬಿಡಬೇಕೆಂಬ ಆದೇಶ ಹೊರಡುತ್ತದೆ. ಹೆದರಬೇಡಿ, ಅದು ಷರತ್ತಿನ ಆದೇಶ. ಕ್ಲೇಮ್ ನಡೆಯುತ್ತಿರುವಷ್ಟು ದಿನ ಅದಕ್ಕೆ ಜೀವ ಇರುವುದಿಲ್ಲ.

ಅದಕ್ಕೆ ಜೀವ ಬರುವುದು ಯಾವಾಗ? ಕ್ಲೇಮ್ ತಿರಸ್ಕಾರವಾಗಿ ಮೇಲ್ಮನವಿಯ ಗಡುವು ಮುಗಿದಾಗ. ಮೇಲ್ಮನವಿಯೂ ಸೋತರೆ, ಆ ತೀರ್ಪು ಕೈಸೇರಿ 15 ದಿನಕ್ಕೆ. ನೀವೇ ಕ್ಲೇಮ್ ವಾಪಸ್ ತೆಗೆದುಕೊಂಡರೂ ಅಷ್ಟೇ, ಅದು ವಾಪಸಾಯಿತು ಎಂದಾದ ಮೇಲೆ ಆದೇಶಕ್ಕೆ ಜೀವ ಬರುತ್ತದೆ. ಜೀವ ಬಂದ ಮೇಲೆ 30 ದಿನದೊಳಗೆ ಕೆನಡಾ ಬಿಡಬೇಕು, ಬಿಡುವಾಗ ಗಡಿ ಇಲಾಖೆಯಿಂದ, ಅಂದರೆ ಸಿಬಿಎಸ್‌ಎಯಿಂದ, ಹೊರಟದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಇಲ್ಲದಿದ್ದರೆ ಅದು ತಾನಾಗಿಯೇ ಡಿಪೋರ್ಟೇಶನ್ ಆರ್ಡರ್ ಆಗುತ್ತದೆ. ಆಮೇಲೆ ವಾಪಸ್ ಬರಬೇಕಾದರೆ ಗಂಡನೋ ಹೆಂಡತಿಯೋ ಸ್ಪಾನ್ಸರ್ ಮಾಡಿದರಷ್ಟೇ ಸಾಲದು, ಪ್ರತ್ಯೇಕ ಅನುಮತಿ ಬೇಕು.

ಮುಂದಿನ ನಾಲ್ಕೂ ದಾರಿಗಳನ್ನು ಈ ಆದೇಶದ ಕಣ್ಣಿನಿಂದ ನೋಡಿ. ಆಗ ಯಾವುದು ಸುರಕ್ಷಿತ ಅಂತ ತಾನಾಗಿ ಗೊತ್ತಾಗುತ್ತದೆ.

ದಾರಿ ಒಂದು: ಕ್ಲೇಮೂ ಇರಲಿ, ಸ್ಪಾನ್ಸರ್‌ಶಿಪ್ಪೂ ಇರಲಿ

ಕೆನಡಾದೊಳಗೇ ಇದ್ದುಕೊಂಡು ಹಾಕುವ ಸಂಗಾತಿ ಅರ್ಜಿಗೆ ಜನ ಇನ್‌ಲ್ಯಾಂಡ್ ಅನ್ನುತ್ತಾರೆ. ನಿಯಮದ ಪ್ರಕಾರ ಅರ್ಜಿದಾರರಿಗೆ ತಾತ್ಕಾಲಿಕ ವಾಸದ ಸ್ಟೇಟಸ್ ಇರಬೇಕು. ಕ್ಲೇಮ್ ಹಾಕಿದವರಲ್ಲಿ ಹೆಚ್ಚಿನವರಿಗೆ ಅದು ಇರುವುದಿಲ್ಲ. ಇಲ್ಲಿ ಕೈ ಹಿಡಿಯುವುದು 2005ರ ಫೆಬ್ರುವರಿಯಲ್ಲಿ ಬಂದ ಒಂದು ಸಾರ್ವಜನಿಕ ನೀತಿ. ವೀಸಾ ಅವಧಿ ಮೀರಿದವರು, ಪರ್ಮಿಟ್ ಇಲ್ಲದೆ ಕೆಲಸ ಮಾಡಿದವರು, ಸರಿಯಾದ ವೀಸಾ ಇಲ್ಲದೆ ಒಳಬಂದವರು ಕೂಡ ಕೆನಡಾದ ಸಂಗಾತಿಯ ಜತೆ ನಿಜವಾಗಿ ಬಾಳುತ್ತಿದ್ದರೆ ಸ್ಟೇಟಸ್ ಇಲ್ಲ ಎಂಬ ಕೊರತೆಯೊಂದನ್ನು ಅದು ಮನ್ನಿಸುತ್ತದೆ.

ಅದೊಂದನ್ನು ಮಾತ್ರ. ಕ್ರಿಮಿನಲ್ ದಾಖಲೆ, ಸುಳ್ಳು ಮಾಹಿತಿ, ಹಿಂದೆ ಗಡೀಪಾರಾಗಿ ಅನುಮತಿ ಇಲ್ಲದೆ ಮರಳಿದ್ದು ಇವನ್ನೆಲ್ಲ ಈ ನೀತಿ ಮನ್ನಿಸುವುದಿಲ್ಲ. ನಕಲಿ ಪಾಸ್‌ಪೋರ್ಟಿನಲ್ಲಿ ಬಂದಿದ್ದರೆ ಅರ್ಜಿ ಮುಟ್ಟುವ ಮೊದಲೇ ವಕೀಲರನ್ನು ನೋಡಿ.

ಈ ದಾರಿಯ ಲಾಭ ಏನು? ನಿಮ್ಮ ಕ್ಲೇಮ್ ತನ್ನ ಪಾಡಿಗೆ ನಡೆಯುತ್ತದೆ, ಡಿಪಾರ್ಚರ್ ಆರ್ಡರ್ ಮಲಗಿರುತ್ತದೆ. ವೈದ್ಯಕೀಯ ತಪಾಸಣೆ ಮುಗಿಸಿ ಪಡೆದ ಕೆಲಸದ ಪರ್ಮಿಟ್ ಮುಂದುವರಿಯುತ್ತದೆ. ಸ್ಪಾನ್ಸರ್‌ಶಿಪ್ ಮೊದಲು ಗೆದ್ದು ಪಿಆರ್ ಆದರೆ, ಜಾರಿಯಾಗದೆ ಉಳಿದ ಆ ಆದೇಶ ಕಾನೂನಿನ ಪ್ರಕಾರ ರದ್ದಾಗುತ್ತದೆ. ಕ್ಲೇಮ್ ಸೋತರೂ ಅಷ್ಟರಲ್ಲಿ ಸ್ಪಾನ್ಸರ್‌ಶಿಪ್ ಅರ್ಜಿ ಒಳಗೆ ಹೋಗಿರುತ್ತದೆ.

ಹೊತ್ತು ನೋಡಿ ಅರ್ಜಿ ಹಾಕುವುದು ಮುಖ್ಯ ಅನ್ನುವುದು ಇದಕ್ಕೇ. ಆ ನೀತಿಯಲ್ಲಿ ಅರ್ಜಿದಾರರನ್ನು ಹೊರಹಾಕುವುದನ್ನು 60 ದಿನ ಮುಂದೂಡುವ ಅವಕಾಶವಿದೆ. ಆದರೆ ಸಿಬಿಎಸ್‌ಎ ನಿಮ್ಮನ್ನು ಹೊರಹಾಕುವ ಮುಂಚಿನ ಸಂದರ್ಶನಕ್ಕೆ ಕರೆಯುವ ಮೊದಲೇ ಅರ್ಜಿ ಸೇರಿರಬೇಕು. ಕ್ಲೇಮ್ ಸೋತು, ಮೇಲ್ಮನವಿ ಸೋತು, ಸಂದರ್ಶನದ ಪತ್ರ ಬಂದ ಮೇಲೆ ಓಡಿಹೋಗಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಆ 60 ದಿನವೂ ಸಿಗುವುದಿಲ್ಲ. ಕ್ಲೇಮ್ ಸೋತ ಬೆನ್ನಿಗೇ ನಡೆದ ಮದುವೆಯನ್ನು ಅಧಿಕಾರಿ ಅನುಮಾನದಿಂದಲೇ ನೋಡುತ್ತಾರೆ ಎಂಬುದೂ ಸೇರಿಕೊಳ್ಳುತ್ತದೆ.

ದೋಷಗಳೂ ಇವೆ. ಇನ್‌ಲ್ಯಾಂಡ್ ಅರ್ಜಿಗೆ ಇಬ್ಬರೂ ಒಂದೇ ಮನೆಯಲ್ಲಿ ಇರಬೇಕು. ಒಬ್ಬರು ಟೊರಾಂಟೋದಲ್ಲಿ, ಇನ್ನೊಬ್ಬರು ಕೆಲಸಕ್ಕಾಗಿ ಕ್ಯಾಲ್ಗರಿಯಲ್ಲಿ ಅಂದರೆ ತೊಡಕು. ಅರ್ಜಿ ತಿರಸ್ಕಾರವಾದರೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಲು ಆಗದು. 15 ದಿನದೊಳಗೆ ಫೆಡರಲ್ ಕೋರ್ಟಿನ ಬಾಗಿಲು ತಟ್ಟಬೇಕು, ಅಲ್ಲಿಯೂ ಮೊದಲು ಅನುಮತಿ ಸಿಗಬೇಕು.

ದಾರಿ ಎರಡು: ಕ್ಲೇಮ್ ವಾಪಸ್ ತೆಗೆದುಕೊಂಡು ಸ್ಪಾನ್ಸರ್‌ಶಿಪ್ ಮಾತ್ರ

"ಎರಡು ಫೈಲು ಯಾಕೆ, ಒಂದು ಸಾಕು" ಅನ್ನುವವರ ದಾರಿ. ನೋಡಲು ಸರಳ. ಏನಾಗುತ್ತದೆ ನೋಡಿ.

ಕ್ಲೇಮ್ ವಾಪಸಾದರೆ ಆ ಆದೇಶ ಜಾರಿಗೆ ಬರುತ್ತದೆ. ಜಾರಿಗೆ ಬಂದ ಕೂಡಲೇ ಕ್ಲೇಮ್ ಆಧಾರದ ಕೆಲಸದ ಪರ್ಮಿಟ್ ಕೂಡ ಅಮಾನ್ಯವಾಗುತ್ತದೆ, ಕಾರ್ಡಿನ ಮೇಲೆ ಇನ್ನೂ ಒಂದು ವರ್ಷ ಅಂತ ಬರೆದಿದ್ದರೂ. ಫೆಡರಲ್ ಸರ್ಕಾರದ ತಾತ್ಕಾಲಿಕ ಆರೋಗ್ಯ ಸೌಲಭ್ಯವೂ ಕ್ಲೇಮಿಗೆ ಅಂಟಿಕೊಂಡದ್ದೇ. ಮುಂದೆ ಎಂದಾದರೂ ಮತ್ತೆ ಕ್ಲೇಮ್ ಹಾಕುತ್ತೇನೆ ಅಂದರೆ ಆಗುವುದಿಲ್ಲ, ಒಮ್ಮೆ ವಾಪಸ್ ತೆಗೆದುಕೊಂಡವರು ಎರಡನೇ ಕ್ಲೇಮಿಗೆ ಅರ್ಹರಲ್ಲ. ಹೊರಹಾಕುವ ಮುನ್ನ ಅಪಾಯ ಪರಿಶೀಲಿಸಿ ಅಂತ ಕೇಳುವ ಅರ್ಜಿಗೂ 12 ತಿಂಗಳ ತಡೆ.

ಇದೆಲ್ಲ ಕಾನೂನಿನ ಮಾತಾಯಿತು. ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಬೇರೆ. ಕ್ಲೇಮ್ ನಿಮ್ಮ ಸ್ವಂತದ್ದು. ಸ್ಪಾನ್ಸರ್‌ಶಿಪ್ ಇನ್ನೊಬ್ಬರ ಕೈಯಲ್ಲಿದೆ. ಪಿಆರ್ ಸಿಗುವ ಮುಂಚೆ ಸ್ಪಾನ್ಸರ್ ತಮ್ಮ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳಬಹುದು. ಸಂಸಾರದಲ್ಲಿ ಬಿರುಕು ಬಂದರೆ, ಹಿಂಸೆ ಶುರುವಾದರೆ, "ನಿನ್ನ ಪೇಪರ್ ನನ್ನ ಕೈಯಲ್ಲಿದೆ" ಎಂಬ ಒಂದು ಮಾತು ಸಾಕು ಬಾಯಿ ಮುಚ್ಚಿಸಲು. ಕ್ಲೇಮ್ ಉಳಿಸಿಕೊಂಡವರಿಗೆ ನಿಲ್ಲಲು ಇನ್ನೊಂದು ನೆಲೆ ಇರುತ್ತದೆ. ವಾಪಸ್ ತೆಗೆದುಕೊಂಡವರಿಗೆ ಉಳಿಯುವ ದಾರಿಗಳು ಬಹಳ ಕಮ್ಮಿ. ಅದಕ್ಕೇ, ಗಂಡನ ಕಡೆಯವರೋ ಹೆಂಡತಿಯ ಕಡೆಯವರೋ ಕ್ಲೇಮ್ ಬಿಡು ಅಂತ ಒತ್ತಾಯ ಮಾಡುತ್ತಿದ್ದರೆ, ನಿಮ್ಮ ಸ್ವಂತ ವಕೀಲರೊಂದಿಗೆ ಒಬ್ಬರೇ ಕೂತು ಮಾತಾಡುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹಾಗಾದರೆ ಈ ದಾರಿ ಯಾರಿಗೂ ಬೇಡವೇ? ಸ್ಪಾನ್ಸರ್‌ಶಿಪ್ ಗೆದ್ದು ಪಿಆರ್ ಕೈಗೆ ಬಂದ ಮೇಲೆ ಕ್ಲೇಮ್ ಏನು ಮಾಡಬೇಕು ಅನ್ನುವುದು ಬೇರೆ ಪ್ರಶ್ನೆ. ಆಗ ವಾಪಸ್ ತೆಗೆದುಕೊಳ್ಳುವುದಕ್ಕೆ ಅರ್ಥ ಇರಬಹುದು. ಇನ್ನು ಯಾರೋ ಏಜೆಂಟ್ ಹೇಳಿಕೊಟ್ಟ ಕಥೆ ಬರೆದು ಕ್ಲೇಮ್ ಹಾಕಿದ್ದೀರಿ, ಅದು ನಿಜವಲ್ಲ ಅಂತಿದ್ದರೆ, ಹಿಯರಿಂಗಿನಲ್ಲಿ ಪ್ರಮಾಣ ಮಾಡಿ ಅದನ್ನೇ ಮತ್ತೆ ಹೇಳಬೇಡಿ. ಅದನ್ನು ಹೇಗೆ ಸರಿಪಡಿಸುವುದು ಅಂತ ವಕೀಲರಿಗೆ ಇದ್ದದ್ದು ಇದ್ದಹಾಗೆ ಹೇಳಿ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ 5 ವರ್ಷದ ನಿಷೇಧ ಬೀಳುತ್ತದೆ, ಮದುವೆ ನಿಜವಾಗಿದ್ದರೂ.

ದಾರಿ ಮೂರು: ಕ್ಲೇಮ್ ಗೆಲ್ಲುವವರೆಗೆ ಕಾಯುವುದು

ಕ್ಲೇಮ್ ಗೆದ್ದವರು ರಕ್ಷಿತ ವ್ಯಕ್ತಿ ಅನಿಸಿಕೊಳ್ಳುತ್ತಾರೆ. ಆ ಆಧಾರದ ಮೇಲೆ ತಾವೇ ಪಿಆರ್ ಅರ್ಜಿ ಹಾಕಬಹುದು, ಸ್ಪಾನ್ಸರ್ ಬೇಕಿಲ್ಲ. ಸಂಗಾತಿಯ ಹಂಗಿಲ್ಲ, ಸ್ಥಿರ ವಾಸದ ಹಕ್ಕಿನ ಶುಲ್ಕವೂ ಇಲ್ಲ. ಊರಲ್ಲಿ ಮಕ್ಕಳಿದ್ದರೆ ಅದೇ ಅರ್ಜಿಯಲ್ಲಿ ಸೇರಿಸಬಹುದು. ಆದರೆ ಹಿಯರಿಂಗಿಗೇ ಉದ್ದ ಸರದಿ, ಗೆದ್ದ ಮೇಲೆ ಪಿಆರ್‌ಗೆ ಇನ್ನೊಂದು ಉದ್ದ ಸರದಿ.

ಇಲ್ಲಿ ಜನ ಕೊನೆಗೆ ಯೋಚಿಸುವ, ಆದರೆ ಮೊದಲೇ ಯೋಚಿಸಬೇಕಾದ ವಿಷಯ ಒಂದಿದೆ: ಊರಿಗೆ ಹೋಗುವುದು. ರಕ್ಷಣೆ ಪಡೆದವರು ಅದೇ ದೇಶದ ಪಾಸ್‌ಪೋರ್ಟ್ ನವೀಕರಿಸಿದರೆ, ಅದರಲ್ಲಿ ಪ್ರಯಾಣ ಮಾಡಿದರೆ, ಅಲ್ಲಿಗೆ ಹೋಗಿ ಬಂದರೆ "ಇವರಿಗೆ ಇನ್ನು ರಕ್ಷಣೆ ಬೇಕಿಲ್ಲ" ಅಂತ ಸರ್ಕಾರ ಕೇಸು ಹಾಕಬಹುದು. 2012ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇಲೆ, ಆ ಕೇಸಿನಲ್ಲಿ ಸೋತರೆ ರಕ್ಷಣೆಯ ಜತೆ ಪಿಆರ್ ಕೂಡ ಹೋಗುತ್ತದೆ. ಪೌರತ್ವ ಸಿಗುವ ತನಕ ಈ ಕತ್ತಿ ತೂಗುತ್ತಲೇ ಇರುತ್ತದೆ. ಮೈಸೂರಿನಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂದಾಗ ಈ ನಿಯಮ ಎಷ್ಟು ಕ್ರೂರವಾಗಿ ಕಾಣುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ?

ಕ್ಲೇಮ್ ತೀರ್ಮಾನವಾಗುವ ಮೊದಲೇ ಸಂಗಾತಿಯ ದಾರಿಯಲ್ಲಿ ಪಿಆರ್ ಆದವರ ಮೇಲೆ ಈ ಕತ್ತಿ ಇಲ್ಲ. ರಕ್ಷಣೆಯೇ ಸಿಕ್ಕಿಲ್ಲವಾದ್ದರಿಂದ ಕಿತ್ತುಕೊಳ್ಳಲು ಏನೂ ಇಲ್ಲ. ಒಂದು ವೇಳೆ ಕ್ಲೇಮ್ ಮೊದಲು ಗೆದ್ದು, ಆಮೇಲೆ ಸ್ಪಾನ್ಸರ್‌ಶಿಪ್‌ನಲ್ಲಿ ಪಿಆರ್ ಆದರೆ? ಆಗಲೂ ನಿಮ್ಮ ಹೆಸರಿನಲ್ಲಿ ರಕ್ಷಿತ ವ್ಯಕ್ತಿಯ ದಾಖಲೆ ಇರುತ್ತದೆ. ಊರಿನ ಟಿಕೆಟ್ ಕೊಳ್ಳುವ ಮೊದಲು ವಕೀಲರನ್ನು ಕೇಳದೆ ಇರಬೇಡಿ.

ಊರಿಗೆ ಹೋಗುವುದು ನಿಮಗೆ ಜೀವಕ್ಕೇ ಅಪಾಯ ಅಂತಾದರೆ ಈ ಮಾತು ಬರುವುದೇ ಇಲ್ಲ. ಸಂಗಾತಿ ಸರ್ಕಾರಿ ಸಹಾಯಧನದ ಮೇಲಿದ್ದು ಸ್ಪಾನ್ಸರ್ ಮಾಡಲು ಆಗದಿದ್ದರೆ, ಸಂಬಂಧ ಇನ್ನೂ ಹೊಸದಾಗಿದ್ದು ದಾಖಲೆಗಳು ಕಮ್ಮಿ ಇದ್ದರೆ, ಕ್ಲೇಮ್ ಗಟ್ಟಿಯಾಗಿದ್ದರೆ, ಈ ಮೂರನೆಯ ದಾರಿಯೇ ಸರಿ.

ದಾರಿ ನಾಲ್ಕು: ಭಾರತಕ್ಕೆ ಮರಳಿ ಅಲ್ಲಿಂದ ಅರ್ಜಿ

ಕೆನಡಾದ ಹೊರಗಿನಿಂದ ಹಾಕುವ ಅರ್ಜಿಗೆ ಔಟ್‌ಲ್ಯಾಂಡ್ ಅನ್ನುತ್ತಾರೆ. ಅದರ ದೊಡ್ಡ ಬಲ ಮೇಲ್ಮನವಿ. ತಿರಸ್ಕಾರವಾದರೆ ಸ್ಪಾನ್ಸರ್ 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಅಲ್ಲಿ ಹೊಸ ಸಾಕ್ಷಿ ಕೊಡಬಹುದು, ದಂಪತಿ ಇಬ್ಬರೂ ಮಾತಾಡಬಹುದು. ಸಾಮಾನ್ಯ ದಂಪತಿಗಳಿಗೆ ಇದು ಒಳ್ಳೆಯ ದಾರಿಯೇ.

ಆದರೆ ಊರಲ್ಲಿ ನನಗೆ ಅಪಾಯ ಅಂತ ಹೇಳಿದವರು ಊರಿಗೆ ಹೋಗಿ ಕೂತರೆ ಕ್ಲೇಮ್ ಅಲ್ಲಿಗೆ ಮುಗಿಯಿತು. ಅಪಾಯ ನಿಜವಾಗಿದ್ದರೆ ಅರ್ಜಿ ಮುಗಿಯುವ ತನಕ ಅದರ ನಡುವೆಯೇ ಬದುಕಬೇಕು. ಇದು ಹೊಂದುವುದು ಕ್ಲೇಮ್ ಪೂರ್ತಿ ಸೋತು, ಹೋಗಲೇಬೇಕಾದ ಸ್ಥಿತಿ ಬಂದವರಿಗೆ. ಅವರು ಆ 30 ದಿನದೊಳಗೆ, ಪ್ರಮಾಣಪತ್ರ ಪಡೆದೇ ಹೊರಡಬೇಕು. ವಿಮಾನ ನಿಲ್ದಾಣದಲ್ಲಿ ಸಿಬಿಎಸ್‌ಎ ಕೌಂಟರಿಗೆ ಹೋಗದೆ ಸೀದಾ ವಿಮಾನ ಹತ್ತಿದವರು ಮುಂದೆ ಮರಳಿ ಬರಲು ಅನುಮತಿ ಕೇಳುತ್ತಾ ಕೂರಬೇಕಾಗುತ್ತದೆ.

ನಿರಾಶ್ರಿತರ ಮೇಲ್ಮನವಿ ವಿಭಾಗವೂ ಕ್ಲೇಮ್ ತಿರಸ್ಕರಿಸಿದ ಮೇಲೆ ಗಡುವಿನೊಳಗೆ ಫೆಡರಲ್ ಕೋರ್ಟಿಗೆ ಹೋದರೆ ಹೆಚ್ಚಿನವರಿಗೆ ಹೊರಹಾಕುವಿಕೆ ತಾನಾಗಿ ನಿಲ್ಲುತ್ತದೆ ಎಂಬುದನ್ನೂ ನೆನಪಿಡಿ. "ಸೋತೆ, ಇನ್ನು ಹೊರಡಲೇಬೇಕು" ಅಂತ ಆತುರಪಡುವ ಮೊದಲು ಆ ಗಡುವು ಇನ್ನೂ ಇದೆಯೇ ಅಂತ ನೋಡಿ.

ಎರಡು ಫೈಲು, ಒಬ್ಬರೇ ಮನುಷ್ಯರು

ಮೊದಲ ದಾರಿ ಹಿಡಿದವರು ಎಡವುವುದು ಇಲ್ಲೇ. ಕ್ಲೇಮಿನಲ್ಲಿ ಯಾಕೆ ರಕ್ಷಣೆ ಬೇಕು ಅಂತ ನೀವು ತುಂಬಿದ ಬೇಸಿಸ್ ಆಫ್ ಕ್ಲೇಮ್ ಫಾರಂ ಇದೆ. ಸ್ಪಾನ್ಸರ್‌ಶಿಪ್‌ನಲ್ಲಿ ಇಬ್ಬರೂ ಸೇರಿ ತುಂಬುವ ಸಂಬಂಧದ ಪ್ರಶ್ನಾವಳಿ, ಐಎಂಎಂ 5532, ಇದೆ. ಅದರ ಜತೆ ಹಿಂದಿನ ಹತ್ತು ವರ್ಷದ ವಿಳಾಸ, ಕೆಲಸ, ಓದು ಎಲ್ಲವನ್ನೂ ತಿಂಗಳು ಬಿಡದಂತೆ ಕೇಳುವ ಐಎಂಎಂ 5669. ಅಧಿಕಾರಿ ಇವನ್ನು ಅಕ್ಕಪಕ್ಕ ಇಟ್ಟು ಓದಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಹುಡುಗನೊಬ್ಬ ಫೆಬ್ರುವರಿಯಲ್ಲಿ ಕ್ಲೇಮ್ ಹಾಕುತ್ತಾನೆ. ಫಾರಂನಲ್ಲಿ "ಒಂಟಿ" ಅಂತ ಬರೆಯುತ್ತಾನೆ, ಗೆಳೆಯರ ಜತೆ ಇರುವ ವಿಳಾಸ ಕೊಡುತ್ತಾನೆ. ಮುಂದಿನ ವರ್ಷ ಮದುವೆ. ಸ್ಪಾನ್ಸರ್‌ಶಿಪ್ ಅರ್ಜಿಯಲ್ಲಿ ಸಂಬಂಧ ಹಳೆಯದು ಅಂತ ತೋರಿಸುವ ಆಸೆಗೆ, ಕ್ಲೇಮ್ ಹಾಕುವುದಕ್ಕೂ ಮುಂಚಿನ ಜನವರಿಯಿಂದಲೇ ಇಬ್ಬರೂ ಒಂದೇ ಮನೆಯಲ್ಲಿದ್ದೆವು ಅಂತ ಬರೆಯುತ್ತಾರೆ. ಈಗ ಎರಡರಲ್ಲಿ ಒಂದು ಸುಳ್ಳು ಅಂತಾಯಿತು. ಯಾವುದು ಸುಳ್ಳು ಅಂತ ಅಧಿಕಾರಿ ತೀರ್ಮಾನಿಸಿದರೂ ನಷ್ಟ ಇವರಿಗೇ. ಜನವರಿಯಲ್ಲಿ ಬರೀ ಪರಿಚಯವಾಗಿದ್ದರೆ ಪರಿಚಯ ಅಂತಲೇ ಬರೆಯಿರಿ. ಚಿಕ್ಕದಾದರೂ ನಿಜವಾದ ಸಂಬಂಧವನ್ನು ನಂಬಿಸಬಹುದು, ಎಳೆದು ಉದ್ದ ಮಾಡಿದ್ದನ್ನು ನಂಬಿಸುವುದು ಕಷ್ಟ.

ಕ್ಲೇಮ್ ಫಾರಂನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ, ಬದಲಾಗಿದ್ದರೆ ತಿದ್ದಲು ದಾರಿ ಇದೆ. ಬದಲಾವಣೆಗಳ ಕೆಳಗೆ ಗೆರೆ ಎಳೆದು, ಸಹಿ ಮತ್ತು ದಿನಾಂಕ ಹಾಕಿ, ಹಿಯರಿಂಗಿಗೆ 10 ದಿನ ಮುಂಚೆ ತಲುಪಿಸಬೇಕು. ಮದುವೆಯಾದದ್ದನ್ನೂ ಹೀಗೆ ತಿಳಿಸಿ. ಊರಲ್ಲಿ ಮಗು ಇದ್ದರೆ ಎರಡೂ ಫೈಲಿನಲ್ಲಿ ಹೆಸರು ಬರೆಯಲೇಬೇಕು. ಮುಚ್ಚಿಟ್ಟರೆ ಮುಂದೆ ಆ ಮಗುವನ್ನು ಕರೆಸಿಕೊಳ್ಳುವ ಬಾಗಿಲೇ ಮುಚ್ಚಬಹುದು. ಊರಲ್ಲಿ ಹಿಂದೊಂದು ಮದುವೆಯಾಗಿ, ಹಿರಿಯರು ಕೂತು ಮಾತಾಡಿ ಬಿಡಿಸಿದ್ದರೆ ಸಾಮಾನ್ಯವಾಗಿ ಅದು ಸಾಲದು, ಕೋರ್ಟಿನ ಡಿಕ್ರಿ ಬೇಕು.

ಒಂದೇ ಲಿಂಗದ ಜೋಡಿಗಳಿಗೆ ಒಂದು ಮಾತು. ಕೆನಡಾದಲ್ಲಿ 2005ರಿಂದ ಇಡೀ ದೇಶದಲ್ಲಿ ನಿಮ್ಮ ಮದುವೆಗೆ ಮಾನ್ಯತೆ ಇದೆ. ಮದುವೆಯಾಗದೆ ಒಂದು ವರ್ಷ ಬಿಡದೆ ಒಟ್ಟಿಗೆ ಬಾಳಿದ್ದರೂ ಕಾಮನ್ ಲಾ ಸಂಗಾತಿ ಎಂದು ಅರ್ಜಿ ಹಾಕಬಹುದು. ಊರಿನವರಿಗೆ ಗೊತ್ತಾಗಬಾರದು ಅಂತ ಜಂಟಿ ಫೋಟೋ, ಜಂಟಿ ಖಾತೆ ಮಾಡಿಕೊಳ್ಳದೆ ಇದ್ದರೆ, ಯಾಕೆ ಇಲ್ಲ ಅಂತ ಪತ್ರದಲ್ಲಿ ಬಿಡಿಸಿ ಬರೆಯಿರಿ. ಆ ಭಯ ಕ್ಲೇಮಿನಲ್ಲೂ ಇರುವ ಮಾತೇ ಆದ್ದರಿಂದ ಎರಡೂ ಫೈಲು ಒಂದನ್ನೊಂದು ಗಟ್ಟಿ ಮಾಡುತ್ತವೆ.

ಪಾಸ್‌ಪೋರ್ಟ್ ಎಂಬ ಗಂಟು

ಎರಡೂ ದಾರಿಗಳು ವಿರುದ್ಧ ದಿಕ್ಕಿಗೆ ಎಳೆಯುವುದು ಇಲ್ಲಿ. ಕ್ಲೇಮ್ ಹಾಕಿದಾಗ ಪಾಸ್‌ಪೋರ್ಟ್ ಸರ್ಕಾರದ ವಶಕ್ಕೆ ಹೋಗಿರುತ್ತದೆ. ಅಲ್ಲೇ ಅದರ ಅವಧಿ ಮುಗಿಯಬಹುದು. 2005ರ ನೀತಿಯಲ್ಲಿ ಪಿಆರ್ ಕೊಡುವ ಹೊತ್ತಿಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು. ಆದರೆ ಕ್ಲೇಮ್ ಬಾಕಿ ಇರುವಾಗ ಭಾರತದ ಕಾನ್ಸುಲೇಟಿಗೆ ಹೋಗಿ ನವೀಕರಿಸಿದರೆ, "ಭಯ ಇದ್ದರೆ ಆ ಸರ್ಕಾರದ ಬಳಿಯೇ ಯಾಕೆ ಹೋದಿರಿ?" ಅನ್ನುವ ಪ್ರಶ್ನೆ ಹಿಯರಿಂಗಿನಲ್ಲಿ ಬರುತ್ತದೆ. ಭಯ ಸರ್ಕಾರದಿಂದಲ್ಲ, ಕುಟುಂಬದವರಿಂದಲೋ ಬೇರೆಯವರಿಂದಲೋ ಅಂತಾದರೆ ಉತ್ತರ ಕೊಡುವುದು ಸ್ವಲ್ಪ ಸುಲಭ, ಪ್ರಶ್ನೆ ಮಾತ್ರ ತಪ್ಪದು. ಆದ್ದರಿಂದ ಅರ್ಜಿಯ ಜತೆ ನಿಮ್ಮ ಬಳಿ ಇರುವ ಪಾಸ್‌ಪೋರ್ಟ್ ಪ್ರತಿಯನ್ನೇ ಕೊಟ್ಟು, ಮೂಲ ಪಾಸ್‌ಪೋರ್ಟ್ ಯಾರ ವಶದಲ್ಲಿದೆ ಅಂತ ಬರೆದು, ನವೀಕರಣ ಯಾವಾಗ ಎಂಬುದನ್ನು ವಕೀಲರ ಜತೆ ಕೂತು ತೀರ್ಮಾನಿಸಿ.

ಖರ್ಚು, ಸ್ಪಾನ್ಸರ್, ವಕೀಲರು

2024ರ ಏಪ್ರಿಲ್ 30ರಿಂದ ಜಾರಿಯಾದ ದರದಲ್ಲಿ ಸ್ಪಾನ್ಸರ್‌ಶಿಪ್‌ಗೆ 85, ಅರ್ಜಿ ಪರಿಶೀಲನೆಗೆ 545, ಸ್ಥಿರ ವಾಸದ ಹಕ್ಕಿಗೆ 575, ಒಟ್ಟು 1,205 ಡಾಲರ್ ಇತ್ತು. ಬಯೋಮೆಟ್ರಿಕ್ಸ್ ಬೇರೆ. ದರ ಆಗಾಗ ಏರುತ್ತದೆ, ಕಟ್ಟುವ ದಿನ ಕೆನಡಾದ ವಲಸೆ ಇಲಾಖೆಯಾದ ಐಆರ್‌ಸಿಸಿ ಪುಟದಲ್ಲಿ ನೋಡಿಕೊಳ್ಳಿ.

ಸಂಗಾತಿಯನ್ನು ಸ್ಪಾನ್ಸರ್ ಮಾಡಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ಆದರೆ ಅಂಗವೈಕಲ್ಯದ ಕಾರಣಕ್ಕಲ್ಲದೆ ಸಹಾಯಧನ ಪಡೆಯುತ್ತಿರುವವರು ಮಾಡುವಂತಿಲ್ಲ. ತಾವೇ ಹಿಂದೆ ಸಂಗಾತಿಯ ಸ್ಪಾನ್ಸರ್‌ಶಿಪ್‌ನಲ್ಲಿ ಬಂದವರು ಪಿಆರ್ ಆಗಿ 5 ವರ್ಷ ಆಗುವ ತನಕ ಮಾಡುವಂತಿಲ್ಲ. ಪಿಆರ್ ಆದ ದಿನದಿಂದ 3 ವರ್ಷ ನಿಮ್ಮ ಹೊಣೆ ಸ್ಪಾನ್ಸರ್ ಮೇಲಿರುತ್ತದೆ, ನಡುವೆ ಬೇರೆಯಾದರೂ. ಕ್ವಿಬೆಕ್‌ನಲ್ಲಿದ್ದರೆ ಪ್ರಾಂತ್ಯದ ಪ್ರಕ್ರಿಯೆ ಬೇರೆಯೇ ಇದೆ, ಅರ್ಜಿಗಳಿಗೆ ಮಿತಿಯೂ ಇರಬಹುದು.

ಎರಡೂ ಫೈಲನ್ನು ಒಬ್ಬರೇ ನೋಡಿಕೊಂಡರೆ ಒಳ್ಳೆಯದು. ಕ್ಲೇಮಿಗೊಬ್ಬ ವಕೀಲ, ಸ್ಪಾನ್ಸರ್‌ಶಿಪ್‌ಗೊಬ್ಬ ಕನ್ಸಲ್ಟೆಂಟ್, ಇಬ್ಬರಿಗೂ ಪರಸ್ಪರ ಗೊತ್ತಿಲ್ಲ ಅಂತಾದರೆ ಮೇಲೆ ಹೇಳಿದ ದಿನಾಂಕದ ಎಡವಟ್ಟು ಆಗೇ ಆಗುತ್ತದೆ. ಕನ್ಸಲ್ಟೆಂಟ್ ಆದರೆ ಆರ್‌ಸಿಐಸಿ-ಐಆರ್‌ಬಿ ವರ್ಗದ ಪರವಾನಗಿ ಇದೆಯೇ ಅಂತ ವಲಸೆ ಕನ್ಸಲ್ಟೆಂಟರಿಗೆ ಪರವಾನಗಿ ಕೊಡುವ ಸಂಸ್ಥೆಯಾದ ಕಾಲೇಜಿನ ಸಾರ್ವಜನಿಕ ಪಟ್ಟಿಯಲ್ಲಿ ನೀವೇ ಹುಡುಕಿ. ಆ ವರ್ಗ ಇಲ್ಲದವರು ಕ್ಲೇಮ್ ತೀರ್ಮಾನಿಸುವ ನಿರಾಶ್ರಿತರ ಮಂಡಳಿಯ ಮುಂದೆ ನಿಮ್ಮ ಪರ ನಿಲ್ಲುವಂತಿಲ್ಲ. ಹಣ ಇಲ್ಲದಿದ್ದರೆ ಒಂಟಾರಿಯೋದಲ್ಲಿ ಲೀಗಲ್ ಏಡ್ ಒಂಟಾರಿಯೋ ಕ್ಲೇಮಿನ ಖರ್ಚು ನೋಡಿಕೊಳ್ಳುತ್ತದೆ. ಟೊರಾಂಟೋದ ಎಫ್‌ಸಿಜೆ ರೆಫ್ಯೂಜಿ ಸೆಂಟರಿನಲ್ಲೂ ಸಲಹೆ ಕೇಳಬಹುದು.

ಅರ್ಜಿ ಹಾಕಿದ ಮೇಲೆ, ಅದು ತಲುಪಿತು ಎಂಬ ಪತ್ರ ಬರುತ್ತದೆ. ಅದರ ಒಂದು ಪ್ರತಿಯನ್ನು ವಕೀಲರಿಗೆ ಕೊಡಿ, ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ಒಂದನ್ನು ಪ್ರಿಂಟ್ ತೆಗೆದು ಕ್ಲೇಮ್ ಕಾಗದದ ಜತೆ ಇಡಿ. ವಿಳಾಸ ಬದಲಾದರೆ ಐಆರ್‌ಸಿಸಿ, ನಿರಾಶ್ರಿತರ ಮಂಡಳಿ, ಸಿಬಿಎಸ್‌ಎ ಮೂರಕ್ಕೂ ಬೇರೆ ಬೇರೆಯಾಗಿ ತಿಳಿಸಿ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಹೋಗುತ್ತದೆ ಅಂದುಕೊಳ್ಳಬೇಡಿ. ಹಳೆ ವಿಳಾಸಕ್ಕೆ ಹೋದ ಹಿಯರಿಂಗ್ ನೋಟಿಸ್ ನಿಮಗೆ ಸಿಗದೆ, ನೀವು ಹಾಜರಾಗದೆ ಇದ್ದರೆ ಕ್ಲೇಮ್ ಕೈಬಿಟ್ಟದ್ದು ಅಂತ ತೀರ್ಮಾನವಾಗಬಹುದು. ಆಗ ಕಾನೂನಿನ ಕಣ್ಣಿನಲ್ಲಿ ನೀವು ಹೆಚ್ಚುಕಮ್ಮಿ ಎರಡನೆಯ ದಾರಿಗೇ ಬಂದು ನಿಂತಿರುತ್ತೀರಿ.